ಮೀಸೆಯ ಗುಂಡಿ

ಕಂಪ್ಯೂಟರು ಬಂದರೆ ವಶೀಲಿ ಹೋಗುತ್ತದೆ ಎಂದು ನಂಬಿದ ಮೂರ್ಖರಲ್ಲಿ ನಾನೂ ಒಬ್ಬ. ಆದದ್ದೇ ಬೇರೆ: ವಶೀಲಿಯೂ ಕಂಪ್ಯೂಟರು ಕಲಿಯಿತು. ನಮ್ಮ ಕಡೆ ಇಂಥ ತಮಾಷೆಗೆ ಬರಗಾಲವಿಲ್ಲ.

ತೊಂಬತ್ತರ ದಶಕದ ಕೊನೆ. ರಾಯಬಾಗದ ಕಡೆಯ ಒಂದು ಸಹಕಾರಿ ಸಕ್ಕರೆ ಕಾರ್ಖಾನೆ. ಕಬ್ಬು ಕಡಿಯುವ ಪಾಳಿ ನಾಟಿಯ ತಾರೀಖಿನಂತೆ ಬರಬೇಕು, ಬರುತ್ತಿರಲಿಲ್ಲ. ಸತ್ತಿ ಎಂಬ ಊರಿನ ಒಬ್ಬ ಮುದುಕಿಯ, ನಮ್ಮ ಕಡೆಯ ಮಾತಿನಲ್ಲಿ ಆಯಿಯ, ಎರಡೆಕರೆ ಕಬ್ಬು ಹೂಬಿಟ್ಟು ಒಣಗುತ್ತಿತ್ತು. ಚೇರಮನ್ನರ ಬೀಗರ ಎಳೆ ಕಬ್ಬು ಕಾರ್ಖಾನೆಗೆ ಹೋಗುತ್ತಿತ್ತು. ನಾನು ಗೇಟಿಗೆ ಅಡ್ಡ ಕುಂತು ಬೊಬ್ಬೆ ಹೊಡೆದೆ. ಪುಸ್ತಕ ನೋಡಿ ನಾನು ಪ್ರೋಗ್ರಾಮು ಬರೆಯಲು ಕಲಿತದ್ದು ಚೇರಮನ್ನರಿಗೆ ಗೊತ್ತಿತ್ತು.

“ಒದರಬ್ಯಾಡ, ಒಳಗ ಬಾ. ಪಾಳಿ ಪ್ರೋಗ್ರಾಮ್ ನೀನಽ ಬರಿ,” ಎಂದರು.

ನನ್ನ ಬಾಯಿ ಮುಚ್ಚಿಸುವ ಉಪಾಯ ಅದು. ಗೊತ್ತಿದ್ದೂ ಒಳಗೆ ಹೋದೆ.

೧. ಟವೆಲ್

ಪರದೆಯ ಮೇಲ್ಗಡೆ ಗುಂಡಿಗಳ ಒಂದು ಪಟ್ಟಿ ಇರುತ್ತದೆ, ಟೂಲ್‌ಬಾರ್. ಅದು ಗುಂಡಿಯನ್ನಷ್ಟೇ ಸೇರಿಸಿಕೊಳ್ಳುತ್ತಿತ್ತು. ನನಗೆ ಅಲ್ಲಿ ಊರು ಆರಿಸುವ ಯಾದಿ ಬೇಕಿತ್ತು: ಸತ್ತಿ, ಕೊಕಟನೂರ, ಕಬ್ಬೂರ. ಅದಕ್ಕೆ ಪಟ್ಟಿಯಲ್ಲಿ ಖಾಲಿ ಜಾಗ ಬಿಟ್ಟು, ಅದರ ಮೇಲೆ ಯಾದಿಯನ್ನು ಕೂಡ್ರಿಸಬೇಕು.

“ಖಾಲಿ ಯಾಕ ಬಿಟ್ಟೀ?” ಚೇರಮನ್ನರು ಕೇಳಿದರು.

“ಚಿಕ್ಕೋಡಿ ಸ್ಟ್ಯಾಂಡಿನ್ಯಾಗ ಬಸ್ಸಿನ ಕಿಟಕ್ಯಾಗಿಂದ ಟವೆಲ್ ಒಗದು ಸೀಟ ಹಿಡೀತಾರಲ್ರಿ, ಹಂಗಽ ಇದು.”

ಅವರ ಮುಖ ಅರಳಿತು. “ಮೊದಲಽ ಹೇಳಬಾರದೇನಲೇ! ಹಂಗಾದ್ರ ನಂದೂ ಒಂದು ಟವೆಲ್ ಒಗಿ.”

೨. ಎರಡು ಕಂಟ್ರೋಲು

ಪಟ್ಟಿಯ ಮೇಲೆ ಕೂಡ್ರಿಸುವ ಇಂಥ ಸಾಮಾನಿಗೆ ಪುಸ್ತಕದಲ್ಲಿ ಕಂಟ್ರೋಲು ಎಂದು ಹೆಸರು. ಊರಿನದೊಂದು, ತಾರೀಖಿನದೊಂದು, ಹೀಗೆ ಎರಡಾಗಿದ್ದವು. ಡೈರೆಕ್ಟರುಗಳ ಸಭೆಯಲ್ಲಿ ಎದ್ದು ನಿಂತು, “ಹೊಸಾದು ಎರಡು ಕಂಟ್ರೋಲ್ ಕೂಡ್ರಿಸೀನ್ರಿ,” ಅಂದೆ.

ನಮ್ಮಲ್ಲಿ ಕಂಟ್ರೋಲ್ ಅಂದರೆ ರೇಶನ್ ಅಂಗಡಿ. ದ್ರಾಕ್ಷಿ ತೋಟದ ಡೈರೆಕ್ಟರೊಬ್ಬರು ತೂಕಡಿಕೆ ಬಿಟ್ಟು ಎದ್ದರು. “ಒಂದು ನಮ್ಮ ಅಥಣಿ ಕಡೆ ಕೊಡ್ರಿ. ಎಲ್ಲಾ ನೀವಽ ಇಟ್ಕೊಂಡ್ರ ನಾವೇನ್ ಮಾಡೂಣು?”

ಅರ್ಧ ತಾಸು ಜಗಳ. ಠರಾವಿನ ಪುಸ್ತಕದಲ್ಲಿ ಹೀಗೆ ದಾಖಲಾಯಿತು: ಕಂಟ್ರೋಲು, ರಾಯಬಾಗಕ್ಕೆ ಒಂದು, ಅಥಣಿಗೆ ಒಂದು.

೩. ಮೀಸೆ

ಚೇರಮನ್ನರ ಟವೆಲ್ ಏನೆಂಬುದು ಆಮೇಲೆ ತಿಳಿಯಿತು. ಅದೊಂದು ಗುಂಡಿ: ಪರದೆಯ ಮೇಲೆ ರೈತನ ಹೆಸರು ಆರಿಸಿ ಅದನ್ನು ಒತ್ತಿದರೆ ಅವನ ಪಾಳಿ ಮುಂದೆ ಬರಬೇಕು.

“ಇದು ಅನ್ಯಾಯ,” ಅಂದೆ.

“ನೀ ಮಾಡದಿದ್ರ ಕೊಲ್ಲಾಪುರದಿಂದ ಒಬ್ಬನ್ನ ಕರಸ್ತೀನಿ. ಗುಂಡಿ ಮ್ಯಾಲ ಹೆಸರ ಹಾಕಬ್ಯಾಡ. ನಂದೊಂದು ಫೋಟೋ ಹಾಕು, ಸಾಕು.”

ಮಾಡಿದೆ. ಆ ಗುಂಡಿಯ ಅಗಲ ಪರದೆಯ ಹದಿನಾರು ಚುಕ್ಕಿ, ಅಂದರೆ ಪಿಕ್ಸೆಲ್. ಅಷ್ಟರಲ್ಲಿ ಇಡೀ ಚೇರಮನ್ನರು ಹಿಡಿಸಲಿಲ್ಲ, ಮೀಸೆಯೊಂದೇ ಹಿಡಿಸಿತು.

೪. ನಮ್ಮವರು

ಹೆಸರು ಹಾಕಬೇಡ ಎಂದಿದ್ದರು, ಹಾಕಲಿಲ್ಲ. ಆದರೆ ಗುಂಡಿಯ ಮೇಲೆ ಮೌಸು ನಿಲ್ಲಿಸಿದರೆ ಹಳದಿ ಚೀಟಿಯೊಂದು ತಾನೇ ಮೂಡುವ ಅನುಕೂಲ ಇತ್ತು. ಅದರ ಬಗ್ಗೆ ಅವರೇನೂ ಹೇಳಿರಲಿಲ್ಲ. ಅದರಲ್ಲಿ ಒಂದು ಪದ ಬರೆದಿಟ್ಟೆ.

ಕಾರ್ಖಾನೆಯ ಇಲೆಕ್ಷನ್ನು ಮುಂದಿನ ತಿಂಗಳು, ಓಟು ಹಾಕುವವರು ರೈತರೇ. ಆಫೀಸಿನ ತುಂಬ ರೈತರು. ಪಾಳಿಯ ಯಾದಿಯಲ್ಲಿ ಮೂರನೆಯವಳಾಗಿದ್ದ ಸತ್ತಿಯ ಆಯಿ, ಬೀಗರಿಗೆಲ್ಲ ಮೀಸೆ ಒತ್ತಿ ಒತ್ತಿದ್ದರಿಂದ ತಳಕ್ಕೆ ಹೋಗಿದ್ದಳು. ಪರದೆಗೆ ಮೂಗು ಹಚ್ಚಿ ನಿಂತಿದ್ದಳು. ಕಂಪ್ಯೂಟರಿನ ಮುಂದೆ ಕುಂತ ಕಾರಕೂನ ಮತ್ತೊಬ್ಬ ಬೀಗರ ಸಲುವಾಗಿ ಮೀಸೆಯ ಮೇಲೆ ಮೌಸು ನಿಲ್ಲಿಸಿದ. ಹಳದಿ ಚೀಟಿ ಮೂಡಿತು.

“ಏನ್ ಬರದೈತೋ ತಮ್ಮಾ?” ಆಯಿ ಕೇಳಿದಳು.

ಪಾಪ, ಅವನು ಓದಿಬಿಟ್ಟ: “ನಮ್ಮವರು.”

“ಹಂಗಾದ್ರ ನನಗೂ ಒತ್ತಪಾ. ಓಟ ಕೇಳಾಕ ಬಂದಾಗ ಇದಽ ಚೇರಮನ್ ನನ್ನ ಕಾಲ ಹಿಡದು, ‘ಆಯಿ, ನೀವೆಲ್ಲಾ ನಮ್ಮವರಽ’ ಅಂದಾನ.”

ಹಿಂದಿನಿಂದ ಕೂಗೆದ್ದಿತು: “ನನಗೂ ಅಂದಾನ! ನನಗೂ ಒತ್ರಿ!”

ಚೇರಮನ್ನರು ಬಾಗಿಲಲ್ಲೇ ನಿಂತಿದ್ದರು. ಓಟಿನ ಹೊತ್ತಿಗೆ ಯಾರನ್ನು ನಮ್ಮವರಲ್ಲ ಅನ್ನುತ್ತಾರೆ? “ಒತ್ತಲೇ,” ಎಂದರು ಹಲ್ಲು ಕಚ್ಚಿ, “ಯಾದ್ಯಾಗಿರೂ ಎಲ್ಲಾರಿಗೂ ಒತ್ತು.”

ಸಂಜೆಯೊಳಗೆ ಎಲ್ಲರೂ ನಮ್ಮವರಾದರು. ಎಲ್ಲರೂ ಮುಂದೆ ಬಂದರೆ ಪ್ರೋಗ್ರಾಮು ಏನು ಮಾಡೀತು? ನಾಟಿಯ ತಾರೀಖು ನೋಡಿತು. ಅಚ್ಚಾಗಿ ಬಂದ ಯಾದಿಯಲ್ಲಿ ಆಯಿ ಮತ್ತೆ ಮೂರನೆಯವಳು.

ಕಡಿಯುವ ಚೀಟಿಯನ್ನು ಸೆರಗಿನಲ್ಲಿ ಗಂಟು ಹಾಕುತ್ತ ಆಯಿ ನನ್ನನ್ನು ಕೇಳಿದಳು: “ಎಲ್ಲಾ ಮೊದಲಿನಂಗಽ ಆತಲ್ಲೋ. ಇಷ್ಟಕ್ಕ ಆ ಮೀಸಿ ಯಾಕ ಬೇಕಾಗಿತ್ತಪಾ?”