ಹೆಬ್ಬೆರಳಿಗೆ ಬಂದ ಕೆಲಸ

ಕೆಲವರ ಬದುಕಿನಲ್ಲಿ ತಮಾಷೆ ವರ್ಷಕ್ಕೊಮ್ಮೆ ಬರುತ್ತದಂತೆ. ನಮ್ಮ ಪ್ರೆಸ್ಸಿಗೆ ಅದು ದಿನಾ, ನಾವು ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತದೆ.

ಪ್ರೆಸ್ಸು ಇರುವುದು ಮುಳಬಾಗಿಲಿನಲ್ಲಿ. ನಾಮಕರಣ, ಲಗ್ನಪತ್ರಿಕೆ, ಗೃಹಪ್ರವೇಶ, ಹುಟ್ಟುಹಬ್ಬದ ಬ್ಯಾನರು, ವೈಕುಂಠ ಸಮಾರಾಧನೆ, ಹೀಗೆ ಮನುಷ್ಯ ಬಂದಾಗಿನಿಂದ ಹೋಗುವವರೆಗೆ ಏನೇನು ಅಚ್ಚಾಗಬೇಕೋ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸುವವನು ನಾನು. ಹತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿ. ಹೋದ ವರ್ಷ ಆ ಕುರ್ಚಿ ಕೈತಪ್ಪುವುದರಲ್ಲಿತ್ತು. ಅದನ್ನು ಉಳಿಸಿಕೊಳ್ಳಲು ನಿಂಬೆಹಣ್ಣಿನ ಗಾತ್ರದ ಒಂದು ಚೆಂಡನ್ನು ನಂಬಬೇಕಾಯಿತು.

ಮಣಿಕಟ್ಟು

ಆಷಾಢದಲ್ಲಿ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಮದುವೆಗಳಿಲ್ಲದ ತಿಂಗಳಲ್ಲಿ ನೋವು ಬಂದದ್ದಕ್ಕೆ ಯಜಮಾನರು ಸಂತೋಷಪಟ್ಟರು. ಶ್ರಾವಣದಲ್ಲೂ ಹೋಗದಿದ್ದಾಗ ಸಂತೋಷ ಕಡಿಮೆಯಾಯಿತು.

ಹೆಂಡತಿ ಹರಳೆಣ್ಣೆ ಹಚ್ಚಿದಳು. ಪಕ್ಕದ ಮನೆಯವರು ಹುಣಿಸೆ ಎಲೆ ಬೇಯಿಸಿ ಕಟ್ಟಿದರು. ಎದುರು ಮನೆಯವರು ಹುಣಿಸೆ ಎಲೆ ಕಟ್ಟಿದ್ದೇ ತಪ್ಪೆಂದು ಬಿಚ್ಚಿಸಿ, ಉಪ್ಪಿನ ಗಂಟು ಇಡಿಸಿದರು. ಕೈಯಿಂದ ಒಳ್ಳೆಯ ಸಾರಿನ ವಾಸನೆ ಬರತೊಡಗಿತೇ ಹೊರತು ನೋವು ಹೋಗಲಿಲ್ಲ. ಕೊನೆಗೆ ಕೋಲಾರದಲ್ಲಿ ಮೂಳೆ ಡಾಕ್ಟರನ್ನು ನೋಡಿದೆ.

"ಏನು ಕೆಲಸ?" ಎಂದರು.

"ಕೂತ್ಕೊಂಡು ಮೌಸ್ ಆಡಿಸೋದು ಸಾರ್."

"ದಿನಕ್ಕೆ ಎಷ್ಟು ಹೊತ್ತು?"

"ಹತ್ತು ಗಂಟೆ."

"ಮೌಸ್ ಬಿಟ್ಬಿಡಿ," ಎಂದರು, ಬೀಡಿ ಬಿಡಿ ಎನ್ನುವ ದನಿಯಲ್ಲಿ. "ಕೈ ಅಲ್ಲಾಡದೆ ಕೆಲಸ ಆಗೋ ಹಾಗೆ ಏನಾದ್ರೂ ನೋಡ್ಕೊಳ್ಳಿ."

ಈ ಮಾತನ್ನು ಯಜಮಾನರಿಗೆ ವರದಿ ಮಾಡಿದೆ. ಅವರು ಫ್ಯಾನು ನೋಡುತ್ತಾ ಹೇಳಿದರು, "ಕೈ ಅಲ್ಲಾಡದೆ ಆಗೋ ಕೆಲಸ ನಮ್ಮಲ್ಲಿ ಒಂದೇ ಇರೋದು, ಕೌಂಟರು. ಸಂಕ್ರಾಂತಿ ಆದ್ಮೇಲೆ ಮದುವೆ ಶುರುವಾಗ್ತವೆ. ಅಷ್ಟರೊಳಗೆ ಕೈ ಸರಿ ಹೋದ್ರೆ ಸರಿ. ಇಲ್ದಿದ್ರೆ ನೀನು ಕೌಂಟರಿಗೆ ಬಾರಪ್ಪಾ. ಮಾಲೂರಲ್ಲಿ ನಮ್ಮ ಅಳಿಯ ಖಾಲಿ ಇದ್ದಾನೆ, ಕಂಪ್ಯೂಟರ್ ಬರುತ್ತೆ."

ಕೌಂಟರು ಎಂದರೆ ನಿನ್ನೆ ಸಿಗಬೇಕಿದ್ದ ಪತ್ರಿಕೆ ನಾಳೆ ಸಿಗುತ್ತದೆ ಎಂದು ದಿನವಿಡೀ ನಗುನಗುತ್ತಾ ಹೇಳುವ ಜಾಗ. ಅದಕ್ಕೆ ಗಟ್ಟಿ ಮಣಿಕಟ್ಟು ಬೇಡ ನಿಜ. ಆದರೆ ಗಟ್ಟಿ ಮೈ ಬೇಕು. ಅಲ್ಲಿ ಈಗ ಕೂತಿರುವವರಿಗೆ ಒಮ್ಮೆ ವರನ ಕಡೆಯವರಿಂದ, ಒಮ್ಮೆ ವಧುವಿನ ಕಡೆಯವರಿಂದ ಏಟು ಬಿದ್ದಿದೆ. ಅದೂ ಒಂದೇ ಮದುವೆಗೆ.

ಆಯ್ಕೆ

ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಟ್ರ್ಯಾಕ್‌ಬಾಲ್ ಎಂಬ ವಸ್ತು ಸಿಕ್ಕಿತು. ಮೌಸಿನ ಹಾಗೇ ಇರುತ್ತದೆ, ಆದರೆ ಮೇಜಿನ ಮೇಲೆ ಓಡಾಡುವುದಿಲ್ಲ. ಇಟ್ಟಲ್ಲೇ ಇರುತ್ತದೆ. ಪಕ್ಕದಲ್ಲೊಂದು ಚೆಂಡು. ಅದನ್ನು ಹೆಬ್ಬೆರಳಲ್ಲಿ ಉರುಳಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಕೈಗೆ ಪೂರ್ತಿ ವಿಶ್ರಾಂತಿ, ದುಡಿಮೆಯೆಲ್ಲ ಹೆಬ್ಬೆರಳಿಗೆ.

ಕೋಲಾರದ ಕಂಪ್ಯೂಟರ್ ಅಂಗಡಿಗೆ ಹೋದೆ. "ಬಾಲ್ ಇರೋ ಮೌಸ್ ಬೇಕಿತ್ತು."

ಅಂಗಡಿಯವರು ನನ್ನ ತಲೆಯ ನರೆ ನೋಡಿದರು. "ಅದು ಹೋಗಿ ಯಾವ ಕಾಲ ಆಯ್ತು ಸಾರ್. ಈಗೆಲ್ಲ ಲೈಟು."

"ಕೆಳಗೆ ಬಾಲ್ ಇರೋದಲ್ಲ. ಪಕ್ಕದಲ್ಲಿರಬೇಕು. ಮೌಸ್ ಓಡಾಡಬಾರದು."

"ಓಡಾಡಬಾರದಾ?"

"ಓಡಾಡಬಾರದು."

ಅವರು ಒಳಗೆ ಹೋಗಿ ಧೂಳು ಒರೆಸುತ್ತಾ ಒಂದು ಹಳೆಯ ಮೌಸ್ ತಂದರು. "ಇದು ತಗೊಳ್ಳಿ. ಕೆಟ್ಟಿದೆ. ಏನು ಮಾಡಿದ್ರೂ ಓಡಾಡಲ್ಲ."

ಆನ್‌ಲೈನಿನಲ್ಲಿ ತರಿಸುವುದೇ ಲೇಸು ಎಂದುಕೊಂಡೆ. ಅಲ್ಲಿ ಎರಡು ಪಂಥಗಳಿದ್ದವು. ಚೆಂಡು ನಡುವೆ ಇರುವುದು, ಅದನ್ನು ಬೆರಳುಗಳಿಂದ ಉರುಳಿಸಬೇಕು. ಚೆಂಡು ಬದಿಯಲ್ಲಿರುವುದು, ಅದು ಹೆಬ್ಬೆರಳಿಗೆ. ನನ್ನ ಬೆರಳುಗಳು ಹತ್ತೊಂಬತ್ತು ವರ್ಷದಿಂದ ಒತ್ತಿ ಒತ್ತಿ ಸುಸ್ತಾಗಿದ್ದವು. ಹೆಬ್ಬೆರಳು ಮಾತ್ರ ಇಷ್ಟು ವರ್ಷ ಮೌಸಿನ ಪಕ್ಕಕ್ಕೆ ಒರಗಿಕೊಂಡು ಸುಮ್ಮನೆ ಸಂಬಳ ತೆಗೆದುಕೊಂಡಿತ್ತು. ನ್ಯಾಯವಾಗಿ ಈಗ ಅದರ ಸರದಿ. ವೈರ್ ಇಲ್ಲದ್ದನ್ನೇ ಆರಿಸಿದೆ. ನಮ್ಮ ಮೇಜಿನ ಮೇಲೆ ಪತ್ರಿಕೆಯ ಮಾದರಿಗಳು, ಟೀ ಲೋಟಗಳು, ಗಿರಾಕಿಗಳ ಮೊಣಕೈಗಳು ಇರುತ್ತವೆ. ವೈರು ಎಳೆಯಲು ಜಾಗವಿಲ್ಲ.

ಪೊಟ್ಟಣ ಬಂದ ದಿನ ಹೆಂಡತಿ ಅದನ್ನು ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ತಿರುಗಿಸಿ ನೋಡಿದಳು. "ಇದನ್ನ ಇಟ್ಟಲ್ಲೇ ಇಡಬೇಕು, ಇದು ಜಾಗ ಬಿಟ್ಟು ಕದಲಲ್ಲ, ಆದ್ರೂ ಕೆಲಸ ಮಾಡ್ತೀನಿ ಅನ್ನುತ್ತೆ. ಅಲ್ವಾ?"

"ಹೌದು."

"ಇಂಥದ್ದೊಂದು ಮನೇಲಿ ಆಗ್ಲೇ ಇದೆಯಲ್ಲ," ಎಂದಳು.

ಊಟದ ಸಾಲಿನಲ್ಲಿ ಗಣಪತಿ

ಮೊದಲ ವಾರ ನನ್ನ ಹೆಬ್ಬೆರಳು ಹಗ್ಗ ಬಿಚ್ಚಿದ ಕರುವಿನಂತೆ ವರ್ತಿಸಿತು. ಎಡಕ್ಕೆ ಎಂದರೆ ಮೇಲಕ್ಕೆ. ಮೇಲಕ್ಕೆ ಎಂದರೆ ಪರದೆಯಿಂದಾಚೆಗೆ. ಯಜಮಾನರು ಹಿಂದಿನಿಂದ ಹಾದುಹೋಗುವಾಗಲೆಲ್ಲ ನಾನು ಕೈ ಅಲ್ಲಾಡಿಸದೆ, ಬಹಳ ಯೋಚಿಸುವವನಂತೆ ಕೂತಿರುತ್ತಿದ್ದೆ. ಇದು ಕಷ್ಟವಾಗಲಿಲ್ಲ. ಯಾಕೆಂದರೆ ಬಾಣ ಎಲ್ಲಿದೆ ಎಂದು ನಿಜವಾಗಿಯೂ ಯೋಚಿಸುತ್ತಿದ್ದೆ.

ಅದೇ ವಾರ ಟೇಕಲ್ ಕಡೆಯ ರೈತರೊಬ್ಬರ ಮನೆಯ ಗೃಹಪ್ರವೇಶದ ಪತ್ರಿಕೆ. ಪ್ರೂಫ್ ತೆಗೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿ, ಕೆಳಗೇ ನಿಂತರು.

"ಗಣಪತಿ ಇಲ್ಯಾಕೆ ಅವ್ನೆ?"

ನೋಡಿದೆ. ಪತ್ರಿಕೆಯ ನೆತ್ತಿಯಲ್ಲಿರಬೇಕಾದ ಗಣಪತಿ ನನ್ನ ಹೆಬ್ಬೆರಳ ಹೊಡೆತಕ್ಕೆ ಜಾರಿ, ಕೊನೆಯಲ್ಲಿ 'ಊಟದ ಸಮಯ: ಹನ್ನೆರಡೂವರೆಗೆ' ಎಂಬ ಸಾಲಿನ ಪಕ್ಕ ಕೂತಿದ್ದ. ಕೌಂಟರಿನ ಆಚೆ ಯಜಮಾನರ ಕತ್ತು ಉದ್ದವಾಯಿತು. ಮಾಲೂರಿನ ಅಳಿಯ ಬಸ್ಸು ಹತ್ತುವ ಸದ್ದು ನನಗೆ ಇಲ್ಲಿಗೇ ಕೇಳಿಸಿತು.

"ಸರಿ ಮಾಡ್ತೀನಿ ಸಾರ್, ಕೈ ತಪ್ಪಾಯ್ತು."

"ಇರ್ಲಿ ಬಿಡಪ್ಪಾ," ಎಂದರು ಅವರು, ಪತ್ರಿಕೆಯನ್ನು ದೂರ ಹಿಡಿದು ನೋಡುತ್ತಾ. "ಮೊದಲ ಪೂಜೆ ಮುಗಿಸ್ಕೊಂಡು ಊಟಕ್ಕೆ ಬಂದು ಕೂತವ್ನೆ. ಎಬ್ಬಿಸಬಾರ್ದು."

ಇನ್ನೂರು ಪ್ರತಿ ಹಾಗೇ ಹೋದವು. ಅವರ ಮನೆಯ ಊಟ ಚೆನ್ನಾಗಿತ್ತು ಎಂದು ಆಮೇಲೆ ಕೇಳಿದೆ.

ಆಯುಧಪೂಜೆ

ನವರಾತ್ರಿಯ ಹೊತ್ತಿಗೆ ಹೆಬ್ಬೆರಳು ಪಳಗಿತ್ತು. ಮಣಿಕಟ್ಟಿನ ನೋವು ಅರ್ಧಕ್ಕೆ ಇಳಿದಿತ್ತು. ನನಗೆ ಧೈರ್ಯ ಬರುತ್ತಿತ್ತು. ಅಷ್ಟರಲ್ಲಿ ಹಬ್ಬ ಬಂತು.

ನಮ್ಮ ಪ್ರೆಸ್ಸಿನಲ್ಲಿ ಪೂಜೆಯ ಜವಾಬ್ದಾರಿ ಮಿಷನ್ ಓಡಿಸುವ ಹಿರಿಯರದು. ಅವರು ಭೇದ ಮಾಡುವವರಲ್ಲ. ಪ್ರಿಂಟಿಂಗ್ ಮಿಷನ್ನಿಗೆ, ಕಟಿಂಗ್ ಮಿಷನ್ನಿಗೆ, ಸ್ಟೇಪ್ಲರಿಗೆ, ಗೋಡೆ ಗಡಿಯಾರಕ್ಕೆ, ಎಲ್ಲಕ್ಕೂ ವಿಭೂತಿ ಮೂರು ಗೆರೆ, ನಡುವೆ ಕುಂಕುಮ. ನನ್ನ ಟ್ರ್ಯಾಕ್‌ಬಾಲಿನ ಬಳಿ ಬಂದಾಗ ಅದರ ಮುಖ ಯಾವುದು ಎಂದು ಯೋಚಿಸಿದರಂತೆ. ಗುಂಡಗೆ, ಹೊಳೆಯುತ್ತಾ, ಎದ್ದು ಕಾಣುವುದು ಚೆಂಡು. ಅದಕ್ಕೇ ಹಚ್ಚಿದರು. ಒಂದು ಕಡೆ ಹಚ್ಚುವಷ್ಟರಲ್ಲಿ ಅದು ತಿರುಗಿತು. ಇನ್ನೊಂದು ಕಡೆ ಹಚ್ಚಿದರು. ಅದೂ ತಿರುಗಿತು. ಹೀಗೆ ಸುತ್ತಲೂ ಹಚ್ಚಿ, ಪಕ್ಕದಲ್ಲಿ ನಿಂಬೆಹಣ್ಣು ಇಟ್ಟು ಕೈಮುಗಿದರು.

ಹಬ್ಬ ಕಳೆದು ಕೂತರೆ ಬಾಣ ನಿಂತಲ್ಲೇ ನಡುಗುತ್ತಿದೆ. ಮೈಮೇಲೆ ದೇವರು ಬಂದ ಹಾಗೆ. ತಳದ ತೂತಿನಿಂದ ಪೆನ್ಸಿಲ್ ಹಾಕಿ ಚೆಂಡನ್ನು ಹೊರಗೆ ತಳ್ಳಿದೆ. ಒಳಗೆ, ಚೆಂಡು ತಿರುಗುವುದನ್ನು ನೋಡುವ ಪುಟ್ಟ ಕಣ್ಣಿನ ತುಂಬ ಕುಂಕುಮ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಮಿಷನ್ನಿನ ಹಿರಿಯರು ನೋಡಿಬಿಟ್ಟರು.

"ಒರೆಸಿಬಿಟ್ಯೇನಪ್ಪಾ? ಹಬ್ಬದ ಹೂವೇ ಇನ್ನೂ ಬಾಡಿಲ್ಲ!"

"ಅಣ್ಣ, ಕುಂಕುಮ ಒಳಗೆ ಹೋಗಿ ಕೆಲಸ ನಿಂತುಹೋಗಿತ್ತು."

"ನನ್ನ ಮಿಷನ್ನಿಗೆ ಇದರ ನಾಲ್ಕರಷ್ಟು ಹಚ್ಚಿದ್ದೀನಿ, ಅದೇನಾದ್ರೂ ನಿಂತಿತಾ?" ಎಂದು ಕೇಳಿ, ಚೆಂಡಿನ ಕಡೆ ಬೇಸರದಿಂದ ನೋಡಿದರು. "ಅಭ್ಯಾಸ ಇಲ್ಲ ಅದಕ್ಕೆ. ಬರೋ ವರ್ಷಕ್ಕೆ ಸರಿಹೋಗುತ್ತೆ."

ಹ್ಯಾಂಗ್ ಆಗಿದೆ

ನಮ್ಮ ಕೆಲಸದ ನಿಜವಾದ ಕಷ್ಟ ಮಣಿಕಟ್ಟಿನದಲ್ಲ, ಗಿರಾಕಿಗಳದು. ಅವರು ನನ್ನ ಹೆಗಲ ಹಿಂದೆ ನಿಂತು ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ತಾಳ್ಮೆ ತಪ್ಪಿ, "ಕೊಡಿ ಇಲ್ಲಿ" ಎಂದು ಮೌಸ್ ಕಿತ್ತುಕೊಳ್ಳುತ್ತಾರೆ. ಬ್ಯಾನರಿನಲ್ಲಿ ತಮ್ಮ ಫೋಟೋವನ್ನು ಒಂದು ನೂಲಿನಷ್ಟು ಮೇಲೇರಿಸುತ್ತಾರೆ. ಜೊತೆಗೆ ಬಂದವರು ತಮ್ಮದನ್ನು ಎರಡು ನೂಲು ಏರಿಸುತ್ತಾರೆ. ಒಮ್ಮೆ ಹೀಗೇ ಏರಿ ಏರಿ, ಹುಟ್ಟುಹಬ್ಬ ಯಾರದೋ ಅವರೇ ಬ್ಯಾನರಿನಿಂದ ಹೊರಗೆ ಹೋಗಿದ್ದರು.

ಕಾರ್ತಿಕದಲ್ಲಿ ವೇಮಗಲ್ಲಿನ ಕಾರ್ಖಾನೆಯ ಕೆಲಸಗಾರರು ನಾಲ್ವರು ರಾಜ್ಯೋತ್ಸವದ ಬ್ಯಾನರಿಗೆ ಬಂದರು. ಅವರ ಮುಖಂಡರು ಅರ್ಧ ಗಂಟೆಯಲ್ಲೇ "ಕೊಡಿ ಇಲ್ಲಿ" ಎಂದು ಟ್ರ್ಯಾಕ್‌ಬಾಲನ್ನು ಹಿಡಿದರು. ಮೇಜಿನ ಮೇಲೆ ಮೇಲಕ್ಕೆ ತಳ್ಳಿದರು. ಫೋಟೋ ಕದಲಲಿಲ್ಲ. ಇನ್ನೂ ತಳ್ಳಿದರು. ಟೀ ಲೋಟ ಹಾದು, ಪತ್ರಿಕೆಯ ಮಾದರಿಗಳನ್ನು ಹಾದು, ಗೋಡೆ ಮುಟ್ಟಿದರು. ಫೋಟೋ ಇದ್ದಲ್ಲೇ ನಗುತ್ತಿತ್ತು.

"ಹ್ಯಾಂಗ್ ಆಗಿದೆ ಸಾರ್ ನಿಮ್ಮದು."

ನಾನು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. "ಆಗಾಗ ಆಗುತ್ತೆ ಸಾರ್," ಎಂದೆ.

ಅಂದು ಬ್ಯಾನರು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಯಜಮಾನರು ಗಡಿಯಾರ ನೋಡಿ, ನನ್ನ ನೋಡಿ, ಮತ್ತೆ ಗಡಿಯಾರ ನೋಡಿದರು. ಗಡಿಯಾರ ಕೆಟ್ಟಿದೆಯೆಂದು ಸೆಲ್ ಬದಲಾಯಿಸಲು ಹೇಳಿದರು.

ಹೆಸರುಗಳು

ಸಂಕ್ರಾಂತಿಗೆ ನಾಲ್ಕು ದಿನವಿದೆ ಎನ್ನುವಾಗ ಯಜಮಾನರ ಅಳಿಯ ಮಾಲೂರಿನಿಂದ ಬಂದೇಬಿಟ್ಟ. ಒಳ್ಳೆಯವನು. ನನ್ನ ಪಕ್ಕ ಒಂದು ಕುರ್ಚಿ ಹಾಕಿಕೊಂಡು, "ಸುಮ್ನೆ ನೋಡ್ತೀನಿ ಅಣ್ಣ, ನೀವು ಮಾಡಿ," ಎಂದ. ಕುರಿಯ ಪಕ್ಕ ಕೂತು ಇಷ್ಟೇ ಸೌಜನ್ಯದಿಂದ ನೋಡುವವರನ್ನು ನಾನು ಬಲ್ಲೆ.

"ಇವತ್ತಿನ ಪತ್ರಿಕೆ ಐದು ಗಂಟೆಗೆ ಮಿಷನ್ನಿಗೆ ಹೋದ್ರೆ ಕುರ್ಚಿ ನಿಂದು," ಎಂದರು ಯಜಮಾನರು ನನಗೆ. "ಹೋಗದಿದ್ರೆ ನಾಳೆಯಿಂದ ಅವನದು."

ಇವತ್ತಿನ ಪತ್ರಿಕೆ ದೇವರಾಯಸಮುದ್ರದ ಹತ್ತಿರದ ಒಂದು ದೊಡ್ಡ ಕುಟುಂಬದ್ದು, ಮೊಮ್ಮಗಳ ಮದುವೆಗೆ. ಹನ್ನೊಂದಕ್ಕೆ ಟೆಂಪೋದಿಂದ ಏಳು ಜನ ಇಳಿದರು. ಐವರು ಅಣ್ಣತಮ್ಮಂದಿರು, ಒಬ್ಬ ಭಾವ, ಮತ್ತು ಅವರ ತಾಯಿ. ತಾಯಿ ಮೂಲೆಯ ಬೆಂಚಿನಲ್ಲಿ ಕೂತು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಡಬ್ಬಿಯಲ್ಲಿ ನೀರಲ್ಲಿ ನೆನೆದ ಅವರೆಕಾಳು. ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಡಬ್ಬಿಯ ಮುಚ್ಚಳದಲ್ಲಿ. ಮಕ್ಕಳು ಪತ್ರಿಕೆ ಮಾಡಿಸುವ ಹೊತ್ತಿಗೆ ರಾತ್ರಿಯ ಹಿತಕಿದಬೇಳೆ ಸಾರಿಗೆ ತಯಾರಾಗಿರಲಿ ಎಂದು ಬೆಳಿಗ್ಗೆಯೇ ಹೊತ್ತು ತಂದಿದ್ದರು.

ಜಗಳ 'ಸುಖಾಗಮನ ಬಯಸುವವರು' ಎಂಬಲ್ಲಿ ಹತ್ತಿತು. ಹೆಸರು ವಯಸ್ಸಿನ ಪ್ರಕಾರ ಬರಬೇಕು ಎಂದರು ದೊಡ್ಡವರು. ಮದುವೆಗೆ ಓಡಾಡುತ್ತಿರುವುದು ತಾನು ಎಂದರು ಮೂರನೆಯವರು. ಭಾವ, ಹೊರಗಿನವರಿಗೆ ಮೊದಲ ಮರ್ಯಾದೆ ಎಂದು ನೆನಪಿಸಿದರು.

"ನೀನು ಇಪ್ಪತ್ತು ವರ್ಷದಿಂದ ನಮ್ಮನೇಲೇ ಉಣ್ತಿದ್ದೀಯ, ಹೊರಗಿನವನು ಹೆಂಗಾಗ್ತೀಯೋ?" ಎಂದರು ಕೊನೆಯವರು.

ನಾನು ಹೆಸರುಗಳನ್ನು ಮೇಲೆ ಕೆಳಗೆ ಮಾಡುತ್ತಲೇ ಇದ್ದೆ. ಒಂದು ಗಂಟೆಯಾಯಿತು, ಎರಡಾಯಿತು, ಮೂರಾಯಿತು. ದೊಡ್ಡವರು "ಕೊಡಿ ಇಲ್ಲಿ" ಎಂದು ಟ್ರ್ಯಾಕ್‌ಬಾಲನ್ನು ಗೋಡೆಯವರೆಗೆ ತಳ್ಳಿದರು. ಮೂರನೆಯವರು ಗೋಡೆಯಿಂದ ವಾಪಸ್ ಎಳೆದು ತಂದರು. ಭಾವ ಅದನ್ನು ಎತ್ತಿ ಊದಿದರು. ಅಳಿಯ, "ಒಂದು ನಿಮಿಷ, ನಂಗೆ ಬರುತ್ತೆ," ಎಂದು ಹಿಡಿದು ಚೆಂಡನ್ನು ಒಮ್ಮೆ ಉರುಳಿಸಿದ. ಐದೂ ಹೆಸರು ಒಟ್ಟಿಗೆ ಪತ್ರಿಕೆಯಿಂದ ಹೊರಬಿದ್ದವು. ಮನೆಯವರೆಲ್ಲ ಅಂದು ಮೊದಲ ಬಾರಿಗೆ ಒಗ್ಗಟ್ಟಾಗಿ ಅವನನ್ನು ಬೈದರು.

ನಾಲ್ಕೂ ಕಾಲಾಯಿತು. ನಾನು ಮನಸ್ಸಿನಲ್ಲೇ ಕೌಂಟರಿನ ನಗುವನ್ನು ಅಭ್ಯಾಸ ಮಾಡತೊಡಗಿದೆ.

ಆಗ ತಾಯಿ ಡಬ್ಬಿ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದರು. "ಜರಗಂಡ್ರಾ," ಎಂದು ಮಕ್ಕಳನ್ನು ತೆಲುಗಿನಲ್ಲಿ ಪಕ್ಕಕ್ಕೆ ಸರಿಸಿದರು. ನನ್ನನ್ನು ಕೇಳಿದರು, "ಮೇಲ್ಗಡೆ ಮೊದಲ ಹೆಸರು ಯಾರದಪ್ಪಾ?"

"ತಾತನದಮ್ಮ, ನಿಮ್ಮ ಮನೆಯವರದು. ದಿವಂಗತ ಅಂತ ಹಾಕಿದ್ದೀವಿ."

"ನನ್ನದು ಎಲ್ಲೈತೆ?"

ನಾನು ಹುಡುಕಿದೆ. ಮಕ್ಕಳೂ ಹುಡುಕಿದರು. ಐವರು ಮಕ್ಕಳು, ಐವರು ಸೊಸೆಯರು, ಹನ್ನೊಂದು ಮೊಮ್ಮಕ್ಕಳು, ಭಾವ, ಕೊನೆಯಲ್ಲಿ ಟೆಂಪೋ ಮಾಲೀಕರು. ತಾಯಿಯ ಹೆಸರಿರಲಿಲ್ಲ.

"ಸತ್ತೋರು ಬಾಗಿಲಲ್ಲಿ ನಿಂತು ಕರೀತಾವ್ರೆ," ಎಂದರು ಅವರು. "ಬಂದೋರಿಗೆ ಅನ್ನ ಇಕ್ಕೋಳು ಎಲ್ಲೋಗವ್ಳೆ?"

ದೊಡ್ಡವರು ಚಪ್ಪಲಿ ನೋಡಿಕೊಂಡರು. ಮೂರನೆಯವರು ದೊಡ್ಡವರ ಚಪ್ಪಲಿ ನೋಡಿದರು.

ನಾನು ಬೇಗಬೇಗ ಅವರ ಹೆಸರು ಕೇಳಿ ಟೈಪ್ ಮಾಡಿದೆ. ಅದು ಪಟ್ಟಿಯ ತಳದಲ್ಲಿ, ಟೆಂಪೋ ಮಾಲೀಕರ ಕೆಳಗೆ ಬಂತು. ಮೇಲಕ್ಕೆ ಒಯ್ಯಬೇಕೆನ್ನುವಷ್ಟರಲ್ಲಿ ಅವರು ನನ್ನ ಕೈ ತಡೆದರು. "ಒಂದು ಬೆರಳು ಒತ್ತಿ ಹಿಡ್ಕೊಂಡು, ಹೆಬ್ಬೆಟ್ಟಲ್ಲಿ ತಳ್ಳೋದು. ಅಷ್ಟೇ ತಾನೆ? ಬೆಳಗಿಂದ ನೋಡ್ತಾನೇ ಇವ್ನಿ."

"ಅಷ್ಟೇ ಅಮ್ಮ."

ಕೂತರು. ಬೆರಳಿಟ್ಟರು. ವಾರಗಟ್ಟಲೆ ನನ್ನನ್ನು ಗೋಳಾಡಿಸಿದ ಚೆಂಡು, ಅರವತ್ತು ವರ್ಷ ಅವರೆಕಾಳು ಹಿತಕಿದ ಹೆಬ್ಬೆರಳಿಗೆ ನೆನೆದ ಕಾಳಿನಷ್ಟೇ ಮೆತ್ತಗಾಯಿತು. ಅವರ ಹೆಸರು ಟೆಂಪೋ ಮಾಲೀಕರನ್ನು ದಾಟಿ, ಭಾವನನ್ನು ದಾಟಿ, ಮೊಮ್ಮಕ್ಕಳು, ಸೊಸೆಯರು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ದಾಟಿ, ಒಂದು ಕೂದಲಿನಷ್ಟೂ ಅತ್ತಿತ್ತ ಹೋಗದೆ ಏರಿತು. ತಾತನ ಹೆಸರಿನ ಕೆಳಗೆ ಕ್ಷಣ ನಿಂತಿತು. ಆಮೇಲೆ ಅದನ್ನೂ ದಾಟಿತು.

"ಇನ್ನು ಕೆಳಗಡೆ ನೀವು ಹೆಂಗಾದ್ರೂ ನಿಂತ್ಕೊಳ್ಳಿ," ಎಂದರು ಮಕ್ಕಳಿಗೆ. "ಎಲ್ಲ ನನ್ನ ಕೆಳಗೇ."

ದೊಡ್ಡವರು ಪ್ರೂಫಿಗೆ ಸಹಿ ಹಾಕಿದರು. ನಾಲ್ಕೂ ಮುಕ್ಕಾಲಿಗೆ ಪತ್ರಿಕೆ ಮಿಷನ್ನಿಗೆ ಹೋಯಿತು. ಯಜಮಾನರು ಅಳಿಯನಿಗೆ, "ಐದೂವರೆಗೆ ಒಂದು ಬಸ್ಸಿದೆ, ಸೀಟು ಸಿಗುತ್ತೆ," ಎಂದರು. ನಾನು ಎಷ್ಟೋ ತಿಂಗಳ ಮೇಲೆ ಕುರ್ಚಿಗೆ ಪೂರ್ತಿ ಬೆನ್ನು ಒರಗಿಸಿದೆ.

ಆದರೆ ಯಜಮಾನರ ಕಣ್ಣು ನನ್ನ ಮೇಲಿರಲಿಲ್ಲ. ಅವರು ಎದ್ದು ಬಾಗಿಲವರೆಗೆ ಹೋಗಿ, ಟೆಂಪೋ ಹತ್ತುತ್ತಿದ್ದ ತಾಯಿಯನ್ನು ಬಹಳ ಮರ್ಯಾದೆಯಿಂದ ಕೇಳಿದರು. "ಅಮ್ಮ, ನಮ್ಮಲ್ಲಿ ಕೆಲಸಕ್ಕೆ ಬರ್ತೀರಾ?"

ತಾಯಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಅವರೆಕಾಯಿ ಕಾಲ ಮುಗೀಲಿ, ನೋಡಾನ."