ಅಪ್ಪನ ಲಿವರ್ ಮತ್ತು ಐದು ಕಟ್ಟೆಗಳ ಚಹಾ

ಅಪ್ಪನ ಲಿವರ್‌ನ ಕೊಬ್ಬು ಇಳಿಸಲೇಬೇಕು ಎಂದು ನಾನು ಹಟ ಹಿಡಿದ ಮೇಲೆ, ನಮ್ಮ ಮನೆಯಲ್ಲಿ ನಗು ತಡೆದುಕೊಳ್ಳುವುದೇ ಒಂದು ಕೆಲಸವಾಗಿದೆ.

೧. ರಿಪೋರ್ಟ್

ಶಹಾಪುರದಲ್ಲಿ ಸ್ಕ್ಯಾನ್ ಮಾಡಿಸಿದೆವು. "ಫ್ಯಾಟಿ ಲಿವರ್ ಅದ್ರಿ. ಈಗ ಹಿಡಿದ್ರ ಸರಿಹೋಗ್ತದ, ಬಿಟ್ರ ಲಿವರ್ ಪೂರಾ ಕೆಡ್ತದ. ಮೂರು ತಿಂಗಳಿಗೆ ಮತ್ತ ನೋಡೋಣ" ಅಂದರು ಡಾಕ್ಟರ್.

ಇಡೀ ದಿನ ಬಟ್ಟೆ ಅಂಗಡಿಯ ಗಾದಿ ಮೇಲೆ ಕೂರುವ ಅಪ್ಪನಿಗೆ ಸಿಟ್ಟು ಬಂತು. "ನಾ ಜಲ್ಮದಾಗ ಒಂದು ಹನಿ ಮುಟ್ಟಿಲ್ರಿ!"

"ಕುಡೀಲಾರ್ದವ್ರಿಗೂ ಬರ್ತದ್ರಿ. ಸಕ್ಕರಿ, ಕರಿದದ್ದು, ಕುಂತ ಕೆಲಸ..."

ಹೊರಗೆ ಬಂದು ಅಪ್ಪ ರಿಪೋರ್ಟನ್ನು ಮಡಚಿ ಅಂಗಿಯೊಳಗೆ ತುರುಕಿದರು. "ಯಾರಿಗೂ ಹೇಳಬ್ಯಾಡವ್ವ, ಕುಡೀತಾನ ಅಂತಾರ. ಕುಡಿದಾದ್ರೂ ಬಂದಿದ್ರ ಒಂದು ಮಾತಿತ್ತು!"

೨. ವಾಕಿಂಗ್

ಮಿರ್ಚಿ ಭಜಿ ನಿಲ್ಲಿಸಿದೆ, ಸಕ್ಕರೆ ಡಬ್ಬಿ ಬಚ್ಚಿಟ್ಟೆ. ಅಪ್ಪನೂ ದಿನಾ ಒಂದು ತಾಸು ವಾಕಿಂಗ್ ಹೊರಟರು. ಆದರೂ ತಿಂಗಳಿಗೆ ತೂಕ ಒಂದು ಕಿಲೋ ಏರಿತು. ಒಂದು ಬೆಳಗ್ಗೆ ಹಿಂದೆಯೇ ಹೋದೆ. ಸುರಪುರದ ನಮ್ಮ ಓಣಿಗಳಲ್ಲಿ ಐದು ಮನೆಗಳ ಮುಂದಿನ ಕಟ್ಟೆಗಳಿಂದ ಕೂಗು: "ಬರ್ರಿ, ಚಾ ಕುಡೀರಿ!" ಅಪ್ಪ ಐದೂ ಕಡೆ ಕೂತು ಕುಡಿದರು. ಕೊನೆಯ ಕಟ್ಟೆ ಇಳಿದಾಗ ಅಡ್ಡ ನಿಂತು ಕೇಳಿದೆ.

"ಬ್ಯಾಡ ಅಂದ್ರ ಯಾಕಂತ ಕೇಳ್ತಾರ. ಏನು ಹೇಳ್ಲಿ?"

"ಮತ್ತ ವಾಕಿಂಗ್ ಯಾವಾಗ ಮಾಡಿದ್ರಿ?"

"ಈ ಮನಿಯಿಂದ ಆ ಮನಿಗಿ ಹಾರಿ ಹೋದ್ನೇನು?"

೩. ಬೋನಾಳದ ದಾರಿ

ಮರುದಿನದಿಂದ ಮನೆಗಳೇ ಇಲ್ಲದ ಬೋನಾಳದ ದಾರಿಗೆ ಕರೆದೊಯ್ದೆ. ಮೂರನೇ ದಿನ ಹಿಂದಿನಿಂದ ಒಂದು ಬೈಕ್ ಬಂದು ನಿಂತಿತು. ಮೊದಲನೇ ಕಟ್ಟೆಯ ಕಾಕಾ, ಕೈಯಲ್ಲಿ ಥರ್ಮಾಸ್.

"ಏನಪಾ ದೋಸ್ತ, ಮೂರು ದಿನ ಆತು, ಬಂದಿಲ್ಲ. ಸಿಟ್ಟಾಗೀಯೇನು? ಹಿಡಿ, ಚಾ."

ಅಪ್ಪನ ಕೈ ಮುಂದೆ ಹೋಯಿತು. ಮಂದಿಯ ಎದುರು ನನ್ನ ಬಾಯಿಂದ ಮಾತೇ ಹೊರಡುವುದಿಲ್ಲ. ಅಂದು ಮಾತ್ರ ಕಪ್ಪಿಗೆ ಕೈ ಅಡ್ಡ ಹಿಡಿದು ಒಂದೇ ಉಸಿರಿಗೆ ಹೇಳಿಬಿಟ್ಟೆ: "ಬ್ಯಾಡ್ರಿ ಕಾಕಾ. ಅಪ್ಪಗ ಫ್ಯಾಟಿ ಲಿವರ್ ಆಗ್ಯಾದ. ಕುಡಿದು ಬಂದದ್ದಲ್ರಿ, ಸಕ್ಕರಿಗಿ ಬಂದದ್ದು."

ಅಪ್ಪ ನೆಲ ನೋಡಿದರು. ಕಾಕಾ ಆಚೀಚೆ ನೋಡಿ ದನಿ ತಗ್ಗಿಸಿದರು.

"ನಂದೂ ಅದೇ ರಿಪೋರ್ಟ್ ಅದನೋ! ಚಾ ಬಿಡು ಅಂದಾರ. ಮನಿಗಿ ಬಂದವ್ರಿಗಿ ಕೊಟ್ಟು ನಾ ಕುಡೀಲಾರ್ದ ಹೆಂಗ ಕುಂಡ್ರಲಿ? ನಿನ್ನ ಸಲುವಾಗಿ ದಿನಾ ಕುಡ್ಯಾಕತ್ತೀನಿ!"

"ನಾ ನಿನ್ನ ಸಲುವಾಗಿ ಕುಡ್ಯಾಕತ್ತೀನಲ್ಲೋ!"

ಬೈಕ್ ಅಲ್ಲೇ ಬಿಟ್ಟು ಇಬ್ಬರೂ ಬಿರಬಿರನೆ ನಡೆಯತೊಡಗಿದರು. ನಾಲ್ಕು ಹೆಜ್ಜೆ ಹೋದ ಕಾಕಾ ಹೊರಳಿ ಬಂದು ಥರ್ಮಾಸನ್ನು ನನ್ನ ಕೈಗಿಟ್ಟರು.

"ತುಂಬಿದ್ದು ಹಂಗೇ ಒಯ್ದ್ರ ಯಾಕಂತ ನಿಮ್ಮ ಕಾಕಿ ಕೇಳ್ತಾಳ. ನೀ ಕುಡಿಯವ್ವ, ನಿನ್ನ ಲಿವರ್ ಇನ್ನಾ ಹೊಸಾದು."