ಬಾಗಿಲಿಗಿಂತ ದೊಡ್ಡ ಬಾನಿ

ಕುಂಬಾರರ ಮನಿಯಲ್ಲಿ ಹುಟ್ಟಿದವ ಫಜೀತಿ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅದೇ ಮನಿ ಕೇಳಿಕೊಂಡು ಬರತೈತಿ. ಬ್ಯಾರೆಯವರಿಗೆ ವರ್ಷಕ್ಕೊಮ್ಮೆ ಆಗೋ ತಮಾಷೆ ನನಗೆ ಸಂತೆಗೊಮ್ಮೆ ಆಗೇ ಆಗತಿತ್ತು. ಮಣ್ಣು ಮಳ್ಳ ಅಂತ ಜನ ತಿಳಕೊಂಡಾರ. ಖರೆ ಹೇಳಬೇಕಂದ್ರ ಮಣ್ಣಿನಷ್ಟು ಕಿಡಿಗೇಡಿ ಈ ಭೂಮಿ ಮ್ಯಾಲ ಇನ್ನೊಂದಿಲ್ಲ. ಅದನ್ನು ಪಳಗಿಸಿದವ ಮೂಡಲಗಿ, ಗೋಕಾಕ, ಹುಕ್ಕೇರಿ ಮೂರೂ ಕಡೆ ಸೇರಿ ಒಬ್ಬನೇ ಒಬ್ಬ. ಯಾರಂತ ನಾನೇ ಹೇಳಿದ್ರ ಚಂದ ಕಾಣೂದಿಲ್ಲ.

ಇದು ನನ್ನ ಲಗ್ನದ ಸುದ್ದಿ. ಸ್ವಾತಂತ್ರ್ಯ ಬಂದು ಭಾಳ ವರ್ಷ ಆಗಿರಲಿಲ್ಲ. ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯದಾಗಿತ್ತು, ನನ್ನ ಮೀಸಿ ಇನ್ನೂ ಕರ್ರಗಿತ್ತು.

ಕನ್ಯಾ ನೋಡಾಕ ಹೋದದ್ದು

ನಮ್ಮೂರು ಮಸಗುಪ್ಪಿ. ಅಪ್ಪ ತೀರಿಕೊಂಡಿದ್ದ. ಮನಿಯಲ್ಲಿ ನಾನು, ಅವ್ವ ಇಬ್ಬರೇ. ಯಮಕನಮರಡಿಯಲ್ಲಿ ನಮ್ಮ ಕಸಬಿನವರ ಮನಿಯಲ್ಲಿ ಹುಡುಗಿ ಐತಿ ಅಂತ ಗೊತ್ತಾಗಿ, ಬಾಜೂಮನಿ ಕಾಕಾನನ್ನು ಕರಕೊಂಡು ನೋಡಾಕ ಹೋದೆ. ಆ ಮನಿಯವರು ಬಾನಿಗೆ ಹೆಸರಾದವರು. ಬಾನಿ ಅಂದ್ರ ದನಕ್ಕೆ ಕಲಗಚ್ಚು ಇಡೋ, ಕಾಳು ನೆನೆಹಾಕೋ ಅಗಲ ಬಾಯಿಯ ದೊಡ್ಡ ಮಣ್ಣಿನ ಪಾತ್ರೆ. ಗಡಿಗಿ ಯಾರಾದರೂ ಮಾಡಿಯಾರು. ತಿಗರಿ ಮ್ಯಾಲ ಬಾನಿ ಎಬ್ಬಿಸಬೇಕಂದ್ರ ತೋಳು ಬೇಕು.

ಹುಡುಗಿ ಅವಲಕ್ಕಿ ಕೊಟ್ಟು ಒಳಗೆ ಹೋದಳು. ನೋಡಿದ್ದು ಒಂದೇ ಸಲ. ಅಷ್ಟಕ್ಕೇ ನನ್ನ ಎದಿ ತಿಗರಿ ತಿರುಗಿದಂಗ ತಿರುಗಾಕ ಹತ್ತಿತು. ಅಂಥಾ ಹೊತ್ತಿನಲ್ಲೇ ಹುಡುಗಿಯ ಅಪ್ಪ ಕೇಳಿಬಿಟ್ಟರು.

"ತಮ್ಮಾ, ಬಾನಿ ಗೀನಿ ಮಾಡ್ತೀರೇನು?"

"ಏನ್ ಕೇಳ್ತೀರಿ ಮಾವಾರ! ನಾ ಮಾಡಿದ ಬಾನ್ಯಾಗ ಎಮ್ಮಿ ತನ್ನ ಕರದ ಜೋಡಿ ಮಲಗತೈತಿ."

ಅಲ್ಲಿತನಕ ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ನೀರಿನ ಕೊಡ. ಆದ್ರ ಅದನ್ನ ಅವರು ಕೇಳಿರಲಿಲ್ಲವಲ್ಲ! ಬಾಜೂದಾಗ ಕೂತ ಕಾಕಾನ ಗಂಟಲಿಗೆ ಅವಲಕ್ಕಿ ಸಿಕ್ಕು ಕೆಮ್ಮು ಸುರುವಾಯಿತು.

ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: "ಎಮ್ಮಿ ಬ್ಯಾಡ ಬಿಡಪ್ಪಾ. ನಾ ಕುಂಡ್ರೂವಷ್ಟು ಒಂದು ಬಾನಿ ತರಲಿ, ಸಾಕು."

ಅಪ್ಪ ನಕ್ಕರು. "ಕೇಳಿದ್ರಿಲ್ಲ ತಮ್ಮಾ? ಈಕಿಗೆ ಗೋಕಾಕದಿಂದ ಒಂದು ವರ ಬಂದೈತಿ. ಪಗಾರದ ನೌಕರಿ, ಕೈಯಾಗ ಗಡಿಯಾರ. ಇಲ್ಲಿ ಮುಂಗಾರಿನ ಮಿರಗದ ಮಳಿ ಬೀಳೂದ್ರಾಗ ನಿಮ್ಮ ಕೈಲೆ ಮಾಡಿದ ಬಾನಿ ನಮ್ಮ ಅಂಗಳಕ್ಕ ಬಂತಂದ್ರ ಲಗ್ನದ ಅಕ್ಕಿಕಾಳು ನಿಮಗ. ಇಲ್ಲಾಂದ್ರ ಗಡಿಯಾರಕ್ಕ."

ಹಾದಿಯಲ್ಲಿ ಕಾಕಾ ಬೈದ. "ಎಲ್ಲಾ ಬಿಟ್ಟು ಎಮ್ಮಿ ಯಾಕ ಹೇಳಿದ್ಯೋ?"

"ಆನಿ ಅನ್ನಬೇಕಂತ ಮಾಡಿದ್ದೆ ಕಾಕಾ. ಹೊಸಾ ಬೀಗರು, ಸಂಕೋಚ ಆತು."

ಸಂತೆಯಲ್ಲಿ ಹೆಸರಾದದ್ದು

ನನ್ನ ತಿಗರಿ ಸಾಮಾನ್ಯದ್ದಲ್ಲ. ಕೋಲು ಹಾಕಿ ಒಮ್ಮೆ ತಿರುವಿದೆ ಅಂದ್ರ ನಾನು ಮೂಡಲಗಿ ಸಂತೆಗೆ ಹೋಗಿ, ಮೆಣಸಿನಕಾಯಿ ತಂದು, ಉಂಡು ಎದ್ದರೂ ತಿರುಗತಲೇ ಇರತಿತ್ತು. ಅಂಥಾ ತಿಗರಿಯ ಮ್ಯಾಲ ಮಣ್ಣಿನ ದೊಡ್ಡ ಮುದ್ದಿ ಇಟ್ಟು, ನಡುವೆ ಹೆಬ್ಬೆರಳು ಇಳಿಸಿ, ಗೋಡೆ ಎಬ್ಬಿಸಾಕ ಸುರು ಮಾಡಿದೆ. ಚಂದಾಗಿ ಎದ್ದಿತು. ಬಾಯಿ ಅಗಲ ಮಾಡಿದೆ. ಇನ್ನೊಂದಿಷ್ಟು ಮಾಡಿದೆ. ಗೋಡೆ ಒಮ್ಮೆ ನಡುಗಿತು, ಕೂತಲ್ಲೇ ತೂಕಡಿಸೋ ಮುದುಕನ ಹಂಗ ಅತ್ತಿತ್ತ ತೂಗಿತು, ಆಮೇಲೆ ಸುತ್ತಲೂ ಅಂಗಾತ ಮಲಗಿಬಿಟ್ಟಿತು.

ಅವ್ವ ಬಂದು ನಿಂತು ನೋಡಿದಳು. "ಏನೋ ಅದು?"

"ಬಾನಿ ಯವ್ವಾ."

"ಬಾನಿ ಅಂತ. ರೊಟ್ಟಿ ಬೇಯಿಸೋ ಹಂಚು ಆಗೈತಿ ನೋಡು."

ಮರುದಿನವೂ ಹಂಗೇ ಆಯಿತು, ಅದರ ಮರುದಿನವೂ. ಅವ್ವ ಒಂದನ್ನೂ ಕೆಡಿಸಲಿಲ್ಲ. ಅಂಚು ತಿದ್ದಿ, ಸುಟ್ಟು, ಸಂತೆಗೆ ಹೊತ್ತುಕೊಂಡು ಹೋದಳು. ಎರಡು ರೊಟ್ಟಿ ಒಮ್ಮೆಗೇ ಹಾಕೋವಷ್ಟು ಅಗಲದ ಹಂಚನ್ನು ಹೆಣ್ಣುಮಕ್ಕಳು ಹಿಂದೆಲ್ಲೂ ಕಂಡಿರಲಿಲ್ಲ. ನಾನು ಬಾನಿ ಕೆಡಿಸಿ ಕೆಡಿಸಿ ಮೋರೆ ಇಳಿಬಿಟ್ಟುಕೊಂಡು ಕೂತರೆ, ಮುಂದಿನ ವಾರ ಅವರು ಹುಡುಕಿಕೊಂಡು ಮನಿಗೇ ಬಂದರು.

ಅವ್ವ ಹೊರಗಿನಿಂದ ಕೂಗಿದಳು: "ಲಗೂನ ಇನ್ನಷ್ಟು ಬಾನಿ ಮಾಡೋ ಮಗನ, ಹಂಚು ತೀರ್‍ಯಾವು!"

ಟಾಂಗಾದ ಹಿಂದೆ ಓಡಿದ್ದು

ಕಡೆಗೆ ಅವ್ವನೇ ಉಪಾಯ ಹೇಳಿದಳು. ಮಣ್ಣಿಗೆ ಕುದುರಿ ಲದ್ದಿ ಕಲಸಿದ್ರ ಬಿಗಿ ಬರತೈತಿ, ಗೋಡೆ ನಿಲ್ಲತೈತಿ. ನಮ್ಮೂರಲ್ಲಿ ಕುದುರಿ ಎಲ್ಲಿಂದ ಬರಬೇಕು? ಬುಟ್ಟಿ ತಗೊಂಡು ಮೂಡಲಗಿಗೆ ಹೋದೆ. ಟಾಂಗಾ ನಿಲ್ಲೋ ಕಡೆ ನೆಲವನ್ನೆಲ್ಲ ಯಾರೋ ಆಗಲೇ ಬಳಕೊಂಡು ಹೋಗಿದ್ದರು. ಅಷ್ಟರಲ್ಲಿ ಒಂದು ಟಾಂಗಾ ಹೊರಟಿತು. ಕುದುರಿ ಹೊಟ್ಟಿ ತುಂಬಾ ತಿಂದಂಗ ಕಂಡಿತು. ನಾನು ಬುಟ್ಟಿ ಹಿಡಕೊಂಡು ಹಿಂದೆ ಓಡಿದೆ. ನನ್ನ ಓಟಕ್ಕೆ ಕುದುರಿಯೇ ಎರಡು ಸಲ ಹೊಳ್ಳಿ ನೋಡಿತು.

ಟಾಂಗಾದೊಳಗೆ ಕೂತವರೂ ಹೊಳ್ಳಿ ನೋಡಿದರು. ಯಮಕನಮರಡಿ ಮಾವಾರು! ಬೆಲ್ಲ ಕೊಳ್ಳಾಕ ಬಂದಿದ್ದರಂತ.

"ಅಯ್ಯ, ನಿಂದ್ರಸೋ ಮಾರಾಯಾ!" ಅಂತ ಟಾಂಗಾದವನಿಗೆ ಹೇಳಿ ಇಳಿದೇಬಿಟ್ಟರು. "ಏನ್ ತಮ್ಮಾ, ನನ್ನ ನೋಡಿ ಅಷ್ಟು ದೂರದಿಂದ ಓಡಿ ಬಂದ್ರೇನು? ಇಷ್ಟು ಮರ್ಯಾದಿ ಈಗಿನ ಹುಡುಗರಾಗ ಎಲ್ಲೈತ್ರಿ?"

"ಹಿರಿಯರು ಕಂಡಾಗ ಕಾಲು ನಿಲ್ಲೂದಿಲ್ಲರಿ ಮಾವಾರ" ಅಂದೆ.

ಸರಿಯಾಗಿ ಅದೇ ಹೊತ್ತಿಗೆ ಕುದುರಿ ಬಾಲ ಎತ್ತಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ, ಬುಟ್ಟಿ ತಾನೇ ಮುಂದೆ ಹೋಯಿತು. ಮಾವಾರು ಬುಟ್ಟಿ ನೋಡಿದರು, ಕುದುರಿ ನೋಡಿದರು, ನನ್ನ ನೋಡಿದರು. ಎಷ್ಟಾದರೂ ಕುಂಬಾರ ಮನುಷ್ಯ, ಎಲ್ಲ ತಿಳಿಯಿತು. ಮತ್ತೆ ಟಾಂಗಾ ಹತ್ತಿ ಕೂತು, ನನ್ನ ಕಿವಿಯ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದರು.

"ಹಸೀದು ಹಾಕಬ್ಯಾಡ್ರಿ. ಒಣಗಿಸಿ, ಸಾಣಿಸಿ ಹಾಕ್ರಿ. ಇದನ್ನ ನಾ ಹೇಳಿಲ್ಲ, ನೀವು ಕೇಳಿಲ್ಲ. ನಮ್ಮ ಹುಡುಗಿಗೆ ಮಾತ್ರ ನೀವು ನನ್ನ ನೋಡೇ ಓಡಿ ಬಂದ್ರಿ ಅಂತ ಹೇಳ್ತೇನಿ."

ಅವ್ವ ಒಳಗೆ, ನಾನು ಹೊರಗೆ

ಲದ್ದಿ ಬಿದ್ದ ಮಣ್ಣು ಹೇಳಿದ ಮಾತು ಕೇಳಾಕ ಹತ್ತಿತು. ಗೋಡೆ ಎದ್ದು ನಿಂತಿತು. ಒಂಚೂರು ಆರಿದ ಮ್ಯಾಲ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗಿಯಿಂದ ಬಡಿದೆ. ಬಡಿದಷ್ಟೂ ಬಾನಿ ಬೆಳೆಯಿತು. ಅದು ಬೆಳೆಯೋದು ನೋಡಿ ನನ್ನ ಕೈಯೂ ನಿಲ್ಲಲಿಲ್ಲ. ಬಿಸಿಲು ತಾಗಿದ್ರ ಬಿರುಕು ಬಿಡತೈತಿ ಅಂತ ಪಡಸಾಲೆಯ ನೆರಳಲ್ಲೇ ಒಣಗಾಕ ಬಿಟ್ಟೆ.

ಕಾಕಾ ಬಂದು ಸುತ್ತೆಲ್ಲ ತಿರುಗಿ ನೋಡಿದ. "ಭೇಷ್. ಬಾನಿ ಚಲೋ ಆಗೈತಿ. ಇದನ್ನ ಹೊರಗ ಒಯ್ಯೂದು ಯಾವ ಬಾಗಲದಾಗ?"

ಮನಿಗೆ ಇದ್ದದ್ದು ಒಂದೇ ಬಾಗಿಲು. ಬಾನಿ ಅದಕ್ಕಿಂತ ಅಗಲ. ಹಸಿ ಬಾನಿಯನ್ನು ಓರೆ ಮಾಡೋ ಹಂಗೂ ಇಲ್ಲ, ಮಾಡಿದ್ರ ಮುರೀತು ಅಂತಲೇ ಲೆಕ್ಕ. ನಾನು ಹೆದರಲಿಲ್ಲ. "ಮಣ್ಣು ಒಣಗಿದಂಗ ಸಣ್ಣಾಗತೈತಿ ಕಾಕಾ. ತಾನಾಗೇ ಬರತೈತಿ."

ಅಂದಿನಿಂದ ಕಾಕಾ ದಿನಾ ಮುಂಜಾನೆ ಹಗ್ಗ ತಂದು ಬಾನಿ ಅಳೆದು, ಬಾಗಿಲು ಅಳೆದು, ತಲಿ ಅಲ್ಲಾಡಿಸಿ ಹೋಗತಿದ್ದ. ಮಿರಗ ಹತ್ತಿರ ಬಂತು. ಇನ್ನು ತಡೆಯಾಕ ಆಗದೆ ಒಂದು ದಿನ ಬಾನಿಯನ್ನು ಗೋಣಿತಟ್ಟಿನ ಮ್ಯಾಲ ಕೂಡ್ರಿಸಿ ಮೆಲ್ಲಕೆ ಜಗ್ಗಿದೆವು. ಅರ್ಧ ಹೊರಗೆ ಬಂತು. ಅಲ್ಲೇ ಸಿಕ್ಕಿಕೊಂಡು ಕೂತಿತು. ಹಿಂದೂ ಇಲ್ಲ, ಮುಂದೂ ಇಲ್ಲ. ಅವ್ವ ಒಳಗೆ, ನಾನು ಹೊರಗೆ.

ಓಣಿಯೆಲ್ಲ ಕೂಡಿತು. ಕಾಕಾ ಅಂದ: "ಚೌಕಟ್ಟು ಒಡಿಯೂಣು."

ಅವ್ವ ಒಳಗಿಂದ: "ಚೌಕಟ್ಟು ನನ್ನ ಗಂಡ ಕೂಡ್ರಿಸಿದ್ದು! ಬಾನಿ ಒಡಿರಿ!"

ನಾನು ಬಾನಿಯನ್ನು ತಬ್ಬಿಕೊಂಡು ನಿಂತೆ. ಆ ದಿನ ಅವ್ವ ಬಾನಿಯ ಮ್ಯಾಲಿಂದ ಕೈ ಚಾಚಿ ನನಗೆ ರೊಟ್ಟಿ ಕೊಟ್ಟಳು. ಪ್ರತಿ ರೊಟ್ಟಿಗೆ ಒಂದು ಬೈಗಳ ಕೂಡಾ ಬಂತು. ಮರುದಿನ ಮಧ್ಯಾಹ್ನ ಒಣ ಗಾಳಿ ಬೀಸಿತು. ಕಾಕಾ ಒಂದು ಬೆರಳು ಹಚ್ಚಿದ್ದೇ ತಡ, ಬಾನಿ ಬೆಣ್ಣಿಯಂಗ ಜಾರಿ ಅಂಗಳಕ್ಕೆ ಬಂತು. ಅದರ ಹಿಂದೆ ಅವ್ವನೂ ಬಂದಳು. ಬಾನಿ ನೋಡಿದಳು, ಬಾಗಿಲು ನೋಡಿದಳು.

"ಸೊಸಿಯಾದ್ರೂ ಈ ಬಾಗಲದಾಗ ಹಾಯ್ತಾಳೇನೋ? ಆಕಿಗೂ ಹಗ್ಗ ಹಿಡದು ನೋಡಿ ಬಾ."

ಹುಕ್ಕೇರಿಯ ಮಳಿ

ಬಾನಿ ಆವಿಗಿಯಲ್ಲಿ ಸುಟ್ಟು ಕೆಂಪಗೆ ಹೊರಬಿತ್ತು. ಬೆರಳಿನಿಂದ ಬಾರಿಸಿದ್ರ ಗೋಕಾಕದ ಮಂದಿ ಯಾರೋ ಗಂಟಿ ಹೊಡೆದರು ಅಂತ ಹೊರಗೆ ಬರಬೇಕು, ಅಂಥಾ ನಾದ. ಕಾಕಾನ ಚಕ್ಕಡಿಯಲ್ಲಿ ಜೋಳದ ಕಣಕಿ ಹಾಸಿ, ಬಾನಿ ಇಟ್ಟು ಹೊರಟೆವು. ಗೋಕಾಕ ದಾಟಿತು, ಹುಕ್ಕೇರಿ ದಾಟಿತು. ಅಷ್ಟರಲ್ಲಿ ಮೋಡ ಕಟ್ಟಿ ಮಳಿ ಸುರಿಯಿತು.

ಕಾಕಾ ಹಗ್ಗ ಜಗ್ಗಿ ಎತ್ತು ನಿಲ್ಲಿಸಿದ. "ಮಿರಗ ಬಿತ್ತಲೋ. ಮುಗೀತು. ಹೊಳ್ಳಿಸಲೇನು?"

"ಇದು ಹುಕ್ಕೇರಿ ಮಳಿ ಕಾಕಾ. ಯಮಕನಮರಡಿ ಮಳಿ ಬ್ಯಾರೆ. ಹೊಡಿ!"

ತೊಯ್ದುಕೊಂಡು ಬೀಗರ ಮನಿಗೆ ಹೋಗೋದು ಹ್ಯಾಂಗ? ಬಾನಿ ಬೋರಲು ಹಾಕಿ ಇಬ್ಬರೂ ಅದರ ಕೆಳಗೆ ತೂರಿದೆವು. ಎತ್ತುಗಳು ತಮ್ಮ ಪಾಡಿಗೆ ತಾವು ನಡೆದವು. ಎದುರಿಗೆ ಕುರಿ ಕಾಯೋ ಮುದುಕ ಒಬ್ಬ ಬಂದ. ಹೊಡೆಯೋ ಮನುಷ್ಯ ಇಲ್ಲದ ಚಕ್ಕಡಿ, ಅದರೊಳಗೆ ಗುಡ್ಡದಂಥಾ ಬಾನಿ, ಬಾನಿಯೊಳಗಿಂದ "ಹೊಯ್, ಬಲಕ್ಕ" ಅನ್ನೋ ದನಿ. ಪಾಪ, ಕಂಬಳಿ ತೆಗೆದು ಕೆಸರಲ್ಲೇ ಅಡ್ಡಬಿದ್ದ.

ಸಂದಿಯಿಂದ ನೋಡಿದ ಕಾಕಾ ಗಂಭೀರವಾಗಿ ಹೇಳಿದ: "ಸುಖವಾಗಿರು ಮಗನ. ಕುರಿ ಹಾದಿ ಬಿಡಿಸು."

ಮಳಿ ಹಿಂದೆ ಉಳಿಯಿತು. ಬಾನಿ ಎತ್ತಿ ನೆಟ್ಟಗೆ ಇಡೋವಾಗ ಅಂಚು ಚಕ್ಕಡಿಯ ಗೂಟಕ್ಕೆ ತಾಗಿ 'ಟಕ್' ಅಂತು.

"ಏನದು?" ಅಂದ ಕಾಕಾ.

"ಎತ್ತಿನ ಗೆಜ್ಜಿ."

"ನಮ್ಮ ಎತ್ತಿಗೆ ಗೆಜ್ಜಿ ಎಲ್ಲದಾವೋ?"

ಅಂಗಳದಲ್ಲಿ

ಯಮಕನಮರಡಿಯಲ್ಲಿ ನೆಲ ಒಣಗಿತ್ತು. ಮೋಡ ನಮ್ಮ ಬೆನ್ನ ಹಿಂದೇ ಬರಾಕತ್ತಿತ್ತು. ಬಾನಿ ಅಂಗಳಕ್ಕೆ ಇಳಿಸಿದಾಗ ಮಾವಾರು ಸುತ್ತಲೂ ಬಾರಿಸುತ್ತ ಹೋದರು. ಟಣ್, ಟಣ್, ಟಣ್. ಆಮೇಲೆ ಒಂದು ಕಡೆ 'ಡಬ್' ಅಂತು. ಅವರು ಕೊಡಗಟ್ಟಲೆ ನೀರು ಹೊಯ್ಯಿಸಿದರು. ಕೂದಲಿನಂಥಾ ಬಿರುಕಿನಿಂದ ನೀರು ಸಣ್ಣಗೆ ಜಿನುಗಿ ನೆಲಕ್ಕೆ ಇಳಿಯಿತು.

"ಸೋರತೈತಿ ತಮ್ಮಾ."

ಹುಟ್ಟಿದಾಗಿನಿಂದ ಮುಚ್ಚದ ನನ್ನ ಬಾಯಿ ಆಗ ಮುಚ್ಚಿತು. ಕಾಕಾ ನೆಲ ನೋಡುತ್ತ ನಿಂತ. ಮ್ಯಾಲಿಂದ ಒಂದು ಹನಿ ಟಪ್ ಅಂತ ಬಾನಿಯ ಅಂಚಿಗೆ ಬಿತ್ತು.

"ಮಿರಗಾನೂ ಬಂತು" ಅಂದರು ಮಾವಾರು. ಅವರ ದನಿಯಲ್ಲೂ ಬ್ಯಾಸರ ಇತ್ತು.

ಅಷ್ಟರಲ್ಲಿ ಹುಡುಗಿ ಒಳಗಿನಿಂದ ದಡದಡ ಬಂದಳು. ಸೀರಿ ಎತ್ತಿ ಸಿಕ್ಕಿಸಿಕೊಂಡು, ಬಾನಿಯೊಳಗೆ ಕಾಲಿಟ್ಟು, ಆ ನೀರಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ನಾ ಕೇಳಿದ್ದು ಕುಂಡ್ರೂವಷ್ಟು ಬಾನಿ. ಕುಂತೇನಿ ನೋಡಪ್ಪಾ. ನೀರಿನ ಮಾತು ಯಾರು ತಗದಿದ್ರು?"

"ಏಳ ಯವ್ವಾ, ಮಳಿ ಬರಾಕತ್ತೈತಿ."

"ಅಕ್ಕಿಕಾಳು ಬೀಳೂತನಕ ಏಳೂದಿಲ್ಲ."

"ಗೋಕಾಕದವಗ ಏನ್ ಹೇಳ್ಲಿ?"

"ಗಡಿಯಾರ ನೋಡ್ಕೋತ ಕುಂಡ್ರು ಅಂತ ಹೇಳು."

ಮಾವಾರು ಮೋಡ ನೋಡಿದರು, ಮಗಳನ್ನು ನೋಡಿದರು. ಆಮೇಲೆ ಹೊಟ್ಟಿ ಹಿಡಕೊಂಡು ನಕ್ಕು, ಒಳಗೆ ಕೂಗಿ ಅಕ್ಕಿ ತರಿಸಿದರು. ನನಗೆ ಹಿಗ್ಗು ತಡೆಯಾಕ ಆಗಲಿಲ್ಲ, ಬಾಯಿಯೂ ವಾಪಸ್ ತೆರೆಯಿತು.

"ಇದೇನು ಮಹಾ ಮಾವಾರ, ಈ ಬಾನ್ಯಾಗ ಇಬ್ಬರೂ ಕುಂಡ್ರಬಹುದು. ನೋಡ್ರಿ ಬೇಕಾದ್ರ!" ಅಂದವನೇ ಒಳಗೆ ಜಿಗಿದೆ.

ಬಾನಿ ಎರಡು ಹೋಳಾಯಿತು. ನೀರೆಲ್ಲ ಅಂಗಳಕ್ಕೆ ಹರಿಯಿತು. ಚೂರುಗಳ ನಡುವೆ ಕೆಸರಿನಲ್ಲಿ ನಾವಿಬ್ಬರೂ ಕೂತಿದ್ದೆವು, ಆಕಿ ಸೆರಗು ಬಾಯಿಗೆ ಒತ್ತಿ ನಗತಿದ್ದಳು.

ಮಾವಾರು ನಮ್ಮಿಬ್ಬರ ತಲಿ ಮ್ಯಾಲ ಅಕ್ಕಿ ಎರಚಿ, ಕಾಕಾನ ಕಡೆ ಹೊಳ್ಳಿದರು. "ಬಾನಿ ಅಂತೂ ಹೋತು. ಅಷ್ಟು ದೂರದಿಂದ ಬಂದೀರಿ, ಚಕ್ಕಡಿ ಖಾಲಿ ಒಯ್ಯಬ್ಯಾಡ್ರಿ. ಈಕಿನ್ನಾದ್ರೂ ಹಾಕ್ಕೊಂಡು ಹೋಗ್ರಿ."